‘ಒಂದಕ್ಕೆ ಆರು’ ಅಂದರೆ ಏಳರಲ್ಲಿ ಒಂದು: ಅನುಪಾತ, ಭಿನ್ನರಾಶಿಯ ಹೇಳಿಕೆ ಲೆಕ್ಕ ಬಿಡಿಸುವ ಬಗೆ

ಗೋಡೆಗೆ ಪ್ಲಾಸ್ಟರಿಂಗ್ ಮಾಡುವ ಗಾರೆ ಕೆಲಸದವರನ್ನು ‘ಸಿಮೆಂಟು ಎಷ್ಟು, ಮರಳು ಎಷ್ಟು?’ ಅಂತ ಕೇಳಿ ನೋಡಿ. ‘ಒಂದಕ್ಕೆ ಆರು’ ಅನ್ನುತ್ತಾರೆ. ಒಂದು ಬಾಂಡ್ಲಿ ಸಿಮೆಂಟಿಗೆ ಆರು ಬಾಂಡ್ಲಿ ಮರಳು. ಪುಸ್ತಕದ ಭಾಷೆಯಲ್ಲಿ 1:6. ಈಗ ಏಳನೇ ಕ್ಲಾಸಿನ ಮಗುವನ್ನು ಕೇಳಿ: ‘ಅಲ್ಲಿ ಸುರಿದಿರುವ ಒಣ ಮಾಲಿನಲ್ಲಿ ಸಿಮೆಂಟು ಎಷ್ಟು ಭಾಗ?’ ಥಟ್ಟನೆ ‘1/6’ ಅನ್ನುವ ಉತ್ತರ ಬರುತ್ತದೆ. ತಪ್ಪು. ಬಾಂಡ್ಲಿಗಳನ್ನು ಎಣಿಸಿದರೆ ಒಟ್ಟು ಏಳು. ಅದರಲ್ಲಿ ಸಿಮೆಂಟು ಒಂದು. ಅಂದರೆ 1/7.

ಆರರಿಂದ ಎಂಟನೇ ಕ್ಲಾಸಿನವರೆಗಿನ ಅನುಪಾತ, ಭಿನ್ನರಾಶಿಯ ಹೇಳಿಕೆ ಲೆಕ್ಕಗಳಲ್ಲಿ ಮಕ್ಕಳು ಎಡವುವುದು ಜಾಸ್ತಿ ಇಲ್ಲೇ. ಗುಣಾಕಾರ ಭಾಗಾಕಾರ ಬರುತ್ತದೆ, ಮಗ್ಗಿ ಬಾಯಿಪಾಠ ಇದೆ. ಆದರೆ ‘ಯಾವುದರಲ್ಲಿ ಭಾಗ?’ ಅನ್ನುವ ಪ್ರಶ್ನೆಯನ್ನೇ ಕೇಳಿಕೊಳ್ಳುವುದಿಲ್ಲ. ಸಂಜೆ ಹೊತ್ತು ಮನೆಗೆ ಬರುವ ನಾಲ್ಕೈದು ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಾ ನಾನು ಕಂಡುಕೊಂಡ ದಾರಿಯನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಪಾಠ ಹೇಳುವ ಅಪ್ಪ ಅಮ್ಮನಿಗೂ ಆದೀತು, ಮಕ್ಕಳೇ ಓದಿಕೊಂಡರೂ ಆದೀತು. ಪಕ್ಕದಲ್ಲಿ ಒಂದು ಹಾಳೆ, ಪೆನ್ಸಿಲ್ಲು ಇರಲಿ.

ಹಂತ 1: ಅಂಕಿ ಬಿಡಿ, ಮೊದಲು ಪ್ರತ್ಯಯ ನೋಡಿ

ಲೆಕ್ಕ ಕಂಡ ತಕ್ಷಣ ಅಂಕಿಗಳನ್ನು ಹೆಕ್ಕಿಕೊಂಡು ಕೂಡಿಸೋಣವೋ, ಗುಣಿಸೋಣವೋ ಅಂತ ಯೋಚಿಸಲು ಹೋಗಬೇಡಿ. ಕನ್ನಡದಲ್ಲಿ ಬರೆದ ಲೆಕ್ಕದಲ್ಲಿ ಗುಟ್ಟೆಲ್ಲ ಪದದ ಬಾಲದಲ್ಲಿ ಇರುತ್ತದೆ. ವ್ಯಾಕರಣದ ಪಿರಿಯಡ್‌ನಲ್ಲಿ ಓದಿದ ವಿಭಕ್ತಿ ಪ್ರತ್ಯಯಗಳು ನಿಜಕ್ಕೂ ಕೆಲಸಕ್ಕೆ ಬರುವುದು ಗಣಿತದ ಪಿರಿಯಡ್‌ನಲ್ಲಿ!

‘ಕ್ಕೆ’, ‘ಗೆ’ ಬಂದರೆ ಅದು ಅನುಪಾತ. ಒಂದಕ್ಕೆ ಆರು. ಒಂದು ಲೋಟ ಅಕ್ಕಿಗೆ ಎರಡು ಲೋಟ ನೀರು. ಇಲ್ಲಿ ಎರಡು ಬೇರೆ ಬೇರೆ ವಸ್ತುಗಳನ್ನು ಅಕ್ಕಪಕ್ಕ ಇಟ್ಟು ನೋಡುತ್ತಿದ್ದೇವೆ.

‘ದ’, ‘ರ’, ‘ರಲ್ಲಿ’ ಬಂದರೆ ಅದು ಭಿನ್ನರಾಶಿ. ಸಂಬಳದ 1/3 ಭಾಗ. ಕಾಯಿಗಳಲ್ಲಿ 2/5 ಭಾಗ. ಆ ಪ್ರತ್ಯಯ ಯಾವ ಪದಕ್ಕೆ ಅಂಟಿಕೊಂಡಿದೆಯೋ ಅದೇ ‘ಇಡೀ’. ಅದರ ಕೆಳಗೆ ಒಂದು ಗೆರೆ ಎಳೆಯಿರಿ. ಇದನ್ನು ನಾನು ಮಕ್ಕಳಿಗೆ ಕಡ್ಡಾಯ ಮಾಡಿದ್ದೇನೆ. ಗೆರೆ ಎಳೆಯದೆ ಲೆಕ್ಕ ಶುರು ಮಾಡುವ ಹಾಗಿಲ್ಲ.

‘ಗಿಂತ’, ‘ಕ್ಕಿಂತ’ ಬಂದರೆ ಸ್ವಲ್ಪ ಹುಷಾರು. ಅದಕ್ಕೆ ಮುಂದೆ ಬರೋಣ.

ಭಿನ್ನರಾಶಿಯ ಪದಗಳೂ ಹೀಗೆಯೇ, ತಮ್ಮ ಅರ್ಥವನ್ನು ತಾವೇ ಹೇಳುತ್ತವೆ. ಮುಕ್ಕಾಲು ಅಂದರೆ ಮೂರು ಕಾಲು, ಅಂದರೆ 3 ಸಲ 1/4. ಛೇದ ಅಂದರೆ ಕತ್ತರಿಸುವುದು. ಎಷ್ಟು ಹೋಳು ಮಾಡಿದೆವು ಅನ್ನುವುದನ್ನು ಕೆಳಗಿನ ಅಂಕಿ ಹೇಳುತ್ತದೆ. ಅದರಲ್ಲಿ ಎಷ್ಟು ಹೋಳು ತೆಗೆದುಕೊಂಡೆವು ಅನ್ನುವುದು ಅಂಶ.

ಹಂತ 2: ಪಟ್ಟಿ ಎಳೆಯಿರಿ

ಎಕ್ಸ್ ಅಂತ ಇಟ್ಟುಕೊಂಡು ಸಮೀಕರಣ ಬರೆಯುವುದು ತಪ್ಪಲ್ಲ. ಎಂಟನೇ ಕ್ಲಾಸಿನ ಹೊತ್ತಿಗೆ ಅದು ಬೇಕೇ ಬೇಕು. ಆದರೆ ಮೊದಲ ದಿನವೇ ಎಕ್ಸ್ ಕೊಟ್ಟರೆ ಮಗು ಲೆಕ್ಕದ ಕಥೆ ಮರೆತು ಅಕ್ಷರದ ಹಿಂದೆ ಓಡುತ್ತದೆ. ಅದಕ್ಕೇ ಮೊದಲು ಚೌಕಗಳ ಪಟ್ಟಿ. ಸಿಂಗಾಪುರದ ಶಾಲೆಗಳಲ್ಲಿ ಈ ಪದ್ಧತಿ 1980ರ ದಶಕದಿಂದ ಪಾಠದ ಭಾಗವೇ ಆಗಿದೆ. ನಮ್ಮಲ್ಲಿ ಇದಕ್ಕೆ ಒಳ್ಳೆಯ ಪದ ಮೊದಲಿಂದಲೂ ಇದೆ: ಪಾಲು. ಒಂದು ಚೌಕ ಅಂದರೆ ಒಂದು ಪಾಲು. ಎಲ್ಲ ಪಾಲುಗಳೂ ಸಮ.

ಲೆಕ್ಕ: ಇಡ್ಲಿಗೆ ಅಕ್ಕಿ ಮತ್ತು ಉದ್ದಿನಬೇಳೆ 4:1 ಅನುಪಾತದಲ್ಲಿ ಬೇಕು. ಎರಡೂ ಸೇರಿ ಎರಡೂವರೆ ಕಿಲೋ ಆಗಬೇಕು. ಯಾವುದು ಎಷ್ಟು?

(ಮೂರಕ್ಕೆ ಒಂದು ಹಾಕುವ ಮನೆಗಳೂ ಇವೆ. ಆ ಜಗಳ ಇಲ್ಲಿ ಬೇಡ.)

ಅಕ್ಕಿ: □ □ □ □
ಉದ್ದು: □

ಒಟ್ಟು 5 ಪಾಲು. 5 ಪಾಲಿಗೆ 2500 ಗ್ರಾಂ. ಒಂದು ಪಾಲಿಗೆ 500 ಗ್ರಾಂ. ಅಕ್ಕಿ 4 ಪಾಲು, ಅಂದರೆ 2 ಕಿಲೋ. ಉದ್ದು ಅರ್ಧ ಕಿಲೋ.

ಲೆಕ್ಕ ಮುಗಿಯಿತು, ಆದರೆ ಪಟ್ಟಿಯನ್ನು ಆಗಲೇ ಅಳಿಸಬೇಡಿ. ಮಗುವಿಗೆ ಎರಡು ಪ್ರಶ್ನೆ ಕೇಳಿ. ಉದ್ದು ಅಕ್ಕಿಯ ಎಷ್ಟು ಭಾಗ? 1/4. ಉದ್ದು ಒಟ್ಟು ಧಾನ್ಯದ ಎಷ್ಟು ಭಾಗ? 1/5. ಅದೇ ಉದ್ದು, ಅದೇ ಪಾತ್ರೆ. ಪ್ರತ್ಯಯ ಅಂಟಿದ ಪದ ಬದಲಾಯಿತು, ಉತ್ತರವೂ ಬದಲಾಯಿತು. ಅನುಪಾತದಿಂದ ಭಿನ್ನರಾಶಿಗೆ, ಭಿನ್ನರಾಶಿಯಿಂದ ಅನುಪಾತಕ್ಕೆ ಹೀಗೆ ಓಡಾಡುವುದು ಸಲೀಸಾದರೆ ಅರ್ಧ ಅಧ್ಯಾಯ ಮುಗಿದ ಹಾಗೆ.

ಹಂತ 3: ಕೊಟ್ಟ ಸಂಖ್ಯೆ ಯಾವ ಚೌಕಗಳ ಮೇಲೆ ಕೂರುತ್ತದೆ?

ಇಡ್ಲಿ ಲೆಕ್ಕದಲ್ಲಿ ಒಟ್ಟು ಕೊಟ್ಟಿದ್ದರು. ಹಾಗಾಗಿ 2500 ಎಲ್ಲ ಚೌಕಗಳ ಮೇಲೂ ಕೂತಿತು. ಎಲ್ಲ ಲೆಕ್ಕದಲ್ಲೂ ಹಾಗಿರುವುದಿಲ್ಲ.

ಲೆಕ್ಕ: ಅಣ್ಣ ತಂಗಿಯರ ಹುಂಡಿಯಲ್ಲಿರುವ ದುಡ್ಡು 7:4 ಅನುಪಾತದಲ್ಲಿದೆ. ಅಣ್ಣನ ಹತ್ತಿರ ತಂಗಿಗಿಂತ 45 ರೂಪಾಯಿ ಜಾಸ್ತಿ ಇದೆ. ಯಾರ ಹತ್ತಿರ ಎಷ್ಟು?

ಅಣ್ಣ: □ □ □ □ □ □ □
ತಂಗಿ: □ □ □ □

ಅಭ್ಯಾಸ ಬಲದಿಂದ ಮಕ್ಕಳು 7 ಮತ್ತು 4 ಕೂಡಿಸಿ 45ನ್ನು 11ರಿಂದ ಭಾಗಿಸುತ್ತಾರೆ. 4.09 ಅಂತ ಬಂದಾಗ ಮುಖ ಸಣ್ಣ ಮಾಡಿಕೊಳ್ಳುತ್ತಾರೆ. 45 ಅನ್ನುವುದು ತಂಗಿಯ ಪಟ್ಟಿಯನ್ನು ದಾಟಿ ಹೊರಗೆ ಚಾಚಿದ 3 ಚೌಕಗಳ ಬೆಲೆ. ಒಂದು ಪಾಲಿಗೆ 15. ಅಣ್ಣನಿಗೆ 105, ತಂಗಿಗೆ 60.

ಒಬ್ಬರದ್ದು ಮಾತ್ರ ಕೊಟ್ಟರೆ ಇನ್ನೂ ಸುಲಭ. ತಂಗಿ ಹತ್ತಿರ 60 ಇದೆ ಅಂದರೆ 4 ಚೌಕಕ್ಕೆ 60. ಅಷ್ಟೇ.

ಹಂತ 4: ‘ಉಳಿದದ್ದರಲ್ಲಿ’ ಅಂತ ಕಂಡರೆ ನಿಲ್ಲಿ

ಒಂದು ಸಂಜೆ ಪಕ್ಕದ ಮನೆಯ ಹುಡುಗಿ ಈ ಲೆಕ್ಕ ಹಿಡಿದುಕೊಂಡು ಬಂದಳು. ಊರು ತಿಪಟೂರು ಕಡೆಯದಾದ್ದರಿಂದ ತೆಂಗಿನಕಾಯಿ ವಿಷಯ ಅವಳಿಗೆ ನನಗಿಂತ ಚೆನ್ನಾಗಿ ಗೊತ್ತು.

ಲೆಕ್ಕ: ರೈತರೊಬ್ಬರು ತಮ್ಮ ಕಾಯಿಗಳಲ್ಲಿ 1/3 ಭಾಗವನ್ನು ಸಂತೆಯಲ್ಲಿ ಮಾರಿದರು. ಉಳಿದದ್ದರಲ್ಲಿ 3/4 ಭಾಗವನ್ನು ಕೊಬ್ಬರಿಗೆ ಇಟ್ಟರು. ಕೊನೆಗೆ 90 ಕಾಯಿ ಮಿಕ್ಕವು. ಮೊದಲು ಎಷ್ಟಿದ್ದವು?

ಅವಳ ನೋಟ್‌ಬುಕ್ಕಿನಲ್ಲಿ ಮೊದಲ ಸಾಲು ಹೀಗಿತ್ತು: 1/3 + 3/4 = 13/12. ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ) ಸರಿ, ಕೂಡಿದ್ದು ಸರಿ. ‘ಇದರ ಅರ್ಥ ಏನು?’ ಅಂತ ಕೇಳಿದೆ. ‘12 ಭಾಗ ಇದ್ದ ಕಡೆ 13 ಭಾಗ ಖರ್ಚಾಯ್ತು.’ ‘ಇದ್ದಿದ್ದಕ್ಕಿಂತ ಜಾಸ್ತಿ ಕಾಯಿ ಖರ್ಚಾಗಿ, ಆಮೇಲೂ 90 ಮಿಕ್ಕಿತಾ?’ ಅವಳೇ ನಕ್ಕು ಅಳಿಸಿದಳು.

1/3 ಅನ್ನುವುದು ಎಲ್ಲ ಕಾಯಿಗಳಲ್ಲಿ. 3/4 ಅನ್ನುವುದು ಉಳಿದ ಕಾಯಿಗಳಲ್ಲಿ. ಎರಡೂ ಬೇರೆ ಬೇರೆ ‘ಇಡೀ’ಗಳು. ಹಾಗಾಗಿ ನೇರವಾಗಿ ಕೂಡಿಸುವ ಹಾಗಿಲ್ಲ. ಪಟ್ಟಿ ಎಳೆಯೋಣ.

ಎಲ್ಲ ಕಾಯಿ: □ □ □

ಒಂದು ಚೌಕ ಸಂತೆಗೆ ಹೋಯಿತು. ಉಳಿದದ್ದು 2 ಚೌಕ. ಈ ಎರಡನ್ನು 4 ಸಮ ಪಾಲು ಮಾಡಬೇಕು. ಒಂದೊಂದನ್ನೂ ಮಧ್ಯಕ್ಕೆ ಸೀಳಿದರೆ ಆಯಿತು. ಒಂದನ್ನು ಸೀಳಿದ ಮೇಲೆ ಪಾಲುಗಳೆಲ್ಲ ಸಮ ಇರಬೇಕು, ಹಾಗಾಗಿ ಮಾರಿದ ಚೌಕವನ್ನೂ ಸೀಳಿ. ಮಕ್ಕಳು ಮರೆಯುವುದು ಇದನ್ನೇ.

ಎಲ್ಲ ಕಾಯಿ: □ □ □ □ □ □

ಈಗ 6 ಪಾಲು. ಸಂತೆಗೆ 2, ಕೊಬ್ಬರಿಗೆ 3, ಮಿಕ್ಕಿದ್ದು 1. ಆ ಒಂದು ಪಾಲು 90. ಒಟ್ಟು 540.

ತಾಳೆ ನೋಡಿ: 540ರಲ್ಲಿ 1/3 ಅಂದರೆ 180 ಮಾರಿದರು. ಉಳಿದದ್ದು 360. ಅದರಲ್ಲಿ 3/4 ಅಂದರೆ 270 ಕೊಬ್ಬರಿಗೆ. ಮಿಕ್ಕಿದ್ದು 90. ಸರಿಯಾಯಿತು.

ಪರೀಕ್ಷೆಯಲ್ಲಿ ಪಟ್ಟಿ ಬೇಡ, ಸಾಲು ಬೇಕು ಅನ್ನುವ ಮೇಷ್ಟ್ರು ಇದ್ದರೆ ಹೀಗೆ ಬರೆಯಿರಿ: ಉಳಿದದ್ದು 2/3. ಅದರಲ್ಲಿ ಮಿಕ್ಕಿದ್ದು 1/4. ಹಾಗಾಗಿ 2/3 × 1/4 = 1/6. ಈ 1/6 ಭಾಗವೇ 90. ‘ದ’, ‘ರಲ್ಲಿ’ ಪ್ರತ್ಯಯಕ್ಕೆ ಗಣಿತದಲ್ಲಿ ಗುಣಾಕಾರದ ಚಿಹ್ನೆ ಅಂತ ನೆನಪಿಟ್ಟುಕೊಂಡರೆ ಸಾಕು.

ಈ ಜಾತಿಯ ಲೆಕ್ಕ ಇವತ್ತಿನದ್ದಲ್ಲ. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9ನೇ ಶತಮಾನದಲ್ಲಿ, ಮಹಾವೀರಾಚಾರ್ಯ ಸಂಸ್ಕೃತದಲ್ಲಿ ಬರೆದ ಗಣಿತಸಾರಸಂಗ್ರಹದಲ್ಲಿ ಇಂಥವು ರಾಶಿ ರಾಶಿ ಇವೆ. ಇಡೀಯಲ್ಲಿ ಭಾಗ ತೆಗೆಯುವ ಲೆಕ್ಕಕ್ಕೆ ಅವನು ಭಾಗಜಾತಿ ಅನ್ನುತ್ತಾನೆ. ಉಳಿದದ್ದರಲ್ಲಿ ಭಾಗ ತೆಗೆಯುವ ಲೆಕ್ಕಕ್ಕೆ ಬೇರೆಯದೇ ಹೆಸರು, ಶೇಷಜಾತಿ. ಎರಡನ್ನೂ ಬೆರೆಸಬಾರದು ಅಂತ ಅವನಿಗೂ ಅನ್ನಿಸಿತ್ತು, ಅಲ್ವಾ?

ಹಂತ 5: ‘ಗಿಂತ’ ಬಂದಾಗ ಯಾರು ಅಳತೆಗೋಲು ಅಂತ ಕೇಳಿ

ಲೆಕ್ಕ: ಟೊಮೆಟೊ ಬೆಲೆ ನಿನ್ನೆಗಿಂತ 1/4 ಭಾಗ ಜಾಸ್ತಿಯಾಗಿದೆ. ಇವತ್ತು ಕಿಲೋಗೆ 50 ರೂಪಾಯಿ. ನಿನ್ನೆ ಎಷ್ಟಿತ್ತು?

50ರಲ್ಲಿ 1/4 ಕಳೆದು 37 ರೂಪಾಯಿ 50 ಪೈಸೆ ಅಂದರೆ ಬಿದ್ದಿರಿ. ‘ಗಿಂತ’ ಅಂಟಿರುವುದು ನಿನ್ನೆಗೆ. ಹಾಗಾಗಿ ಅಳತೆಗೋಲು ನಿನ್ನೆಯ ಬೆಲೆ. ಅದನ್ನೇ 4 ಚೌಕ ಮಾಡಬೇಕು.

ನಿನ್ನೆ: □ □ □ □
ಇವತ್ತು: □ □ □ □ □

5 ಪಾಲಿಗೆ 50, ಒಂದು ಪಾಲಿಗೆ 10, ನಿನ್ನೆ 40 ರೂಪಾಯಿ. ಈಗ ತಿರುಗಿಸಿ ಕೇಳಿ: ನಿನ್ನೆಯ ಬೆಲೆ ಇವತ್ತಿಗಿಂತ ಎಷ್ಟು ಭಾಗ ಕಡಿಮೆ? 1/5. ಏರುವಾಗ ಕಾಲು ಭಾಗ, ಅದೇ ದಾರಿಯಲ್ಲಿ ಇಳಿಯುವಾಗ ಐದರಲ್ಲಿ ಒಂದು ಭಾಗ. ದೊಡ್ಡವರೂ ಇಲ್ಲಿ ಎರಡು ನಿಮಿಷ ತಲೆ ಕೆರೆದುಕೊಳ್ಳುತ್ತಾರೆ. ಮುಂದೆ ಶೇಕಡಾ, ಲಾಭ ನಷ್ಟದ ಪಾಠಕ್ಕೆ ಹೋದಾಗಲೂ ಇದೇ ಹಳ್ಳ ಕಾದಿರುತ್ತದೆ.

ಹಂತ 6: ಎರಡು ಅನುಪಾತಕ್ಕೆ ಒಂದು ಕೊಂಡಿ

ಲೆಕ್ಕ: ಸಾರಿನ ಪುಡಿಗೆ ಕೊತ್ತಂಬರಿ ಬೀಜ ಮತ್ತು ಒಣಮೆಣಸಿನಕಾಯಿ 3:2, ಒಣಮೆಣಸಿನಕಾಯಿ ಮತ್ತು ಜೀರಿಗೆ 4:1. ಮೂರೂ ಸೇರಿ 550 ಗ್ರಾಂ. ಒಂದೊಂದೂ ಎಷ್ಟು? (ಮೆಂತ್ಯ, ಮೆಣಸು ಎಲ್ಲಿ ಅಂತ ಕೇಳಬೇಡಿ. ಲೆಕ್ಕಕ್ಕೆ ಮೂರೇ ಸಾಕು.)

ಎರಡೂ ಕಡೆ ಇರುವುದು ಮೆಣಸಿನಕಾಯಿ. ಒಂದು ಕಡೆ ಅದು 2 ಪಾಲು, ಇನ್ನೊಂದು ಕಡೆ 4 ಪಾಲು. ಒಂದೇ ಮೆಣಸಿನಕಾಯಿಗೆ ಎರಡು ಲೆಕ್ಕ ಇರಲು ಸಾಧ್ಯವಿಲ್ಲ. ಎರಡನ್ನೂ 4 ಮಾಡೋಣ. 3:2 ಅನ್ನುವುದು 6:4 ಆಗುತ್ತದೆ. ಈಗ ಕೊತ್ತಂಬರಿ 6, ಮೆಣಸಿನಕಾಯಿ 4, ಜೀರಿಗೆ 1. ಒಟ್ಟು 11 ಪಾಲು, ಒಂದು ಪಾಲಿಗೆ 50 ಗ್ರಾಂ. ಕೊತ್ತಂಬರಿ 300, ಮೆಣಸಿನಕಾಯಿ 200, ಜೀರಿಗೆ 50 ಗ್ರಾಂ. ಕೊಂಡಿಯ ಅಂಕಿಗಳು 3 ಮತ್ತು 4 ಅಂತ ಇದ್ದರೆ ಅವುಗಳ ಲ.ಸಾ.ಅ. 12 ಮಾಡಿಕೊಳ್ಳಿ.

ಹಂತ 7: ಅನುಪಾತವೇ ಬದಲಾಗುವ ಲೆಕ್ಕ

ಮಕ್ಕಳು ಬಿಟ್ಟು ಮುಂದೆ ಹೋಗುವುದು ಇಂಥ ಲೆಕ್ಕಗಳನ್ನೇ. ಇಲ್ಲಿ ಮೊದಲು ಒಂದು ಅನುಪಾತ, ಏನೋ ನಡೆದ ಮೇಲೆ ಇನ್ನೊಂದು ಅನುಪಾತ ಕೊಟ್ಟಿರುತ್ತಾರೆ. ಬದಲಾದದ್ದರ ಹಿಂದೆ ಬೀಳಬೇಡಿ. ಬದಲಾಗದೆ ಉಳಿದದ್ದು ಯಾವುದು ಅಂತ ಹುಡುಕಿ. ಸಾಮಾನ್ಯವಾಗಿ ಈ ಮೂರರಲ್ಲಿ ಒಂದು ಸಿಗುತ್ತದೆ.

ಒಬ್ಬರದ್ದು ಬದಲಾಗದೆ ಇರಬಹುದು. ತರಗತಿಗಳಲ್ಲಿ ಹುಡುಗರು ಮತ್ತು ಹುಡುಗಿಯರು 5:4. 6 ಹುಡುಗಿಯರು ಹೊಸದಾಗಿ ಸೇರಿದ ಮೇಲೆ 10:9. ಹುಡುಗರು ಎಷ್ಟೋ ಅಷ್ಟೇ ಇದ್ದಾರೆ. ಹಾಗಾಗಿ ಎರಡೂ ಅನುಪಾತದಲ್ಲಿ ಹುಡುಗರ ಅಂಕಿ ಒಂದೇ ಆಗಬೇಕು. 5:4 ಅನ್ನುವುದನ್ನು 10:8 ಮಾಡಿ. ಹುಡುಗಿಯರು 8 ಪಾಲಿನಿಂದ 9 ಪಾಲಾದರು. ಆ ಒಂದು ಪಾಲೇ 6. ಹುಡುಗರು 60. ಹುಡುಗಿಯರು ಮೊದಲು 48, ಈಗ 54.

ಒಟ್ಟು ಬದಲಾಗದೆ ಇರಬಹುದು. ಒಬ್ಬರು ಇನ್ನೊಬ್ಬರಿಗೆ ಕೊಟ್ಟಾಗ ಹೀಗಾಗುತ್ತದೆ. ಅಳಗುಳಿ ಮಣೆ ಆಡುವ ಅಕ್ಕ ತಮ್ಮನ ಹತ್ತಿರ ಹುಣಸೆ ಬೀಜ 5:3 ಇತ್ತು. ಅಕ್ಕ 12 ಬೀಜ ಸೋತು ತಮ್ಮನಿಗೆ ಕೊಟ್ಟಳು. ಈಗ 7:9. ಬೀಜಗಳು ಮಣೆ ಬಿಟ್ಟು ಎಲ್ಲೂ ಹೋಗಿಲ್ಲ, ಒಟ್ಟು ಅಷ್ಟೇ ಇದೆ. ಆದರೆ 5:3ರಲ್ಲಿ ಒಟ್ಟು 8 ಪಾಲು, 7:9ರಲ್ಲಿ 16 ಪಾಲು. ಮೊದಲನೆಯದನ್ನು 10:6 ಮಾಡಿದರೆ ಅಲ್ಲೂ 16. ಅಕ್ಕ 10ರಿಂದ 7ಕ್ಕೆ ಇಳಿದಳು. 3 ಪಾಲಿಗೆ 12, ಒಂದು ಪಾಲಿಗೆ 4. ಮೊದಲು ಅಕ್ಕನ ಹತ್ತಿರ 40, ತಮ್ಮನ ಹತ್ತಿರ 24 ಇತ್ತು. ಈ ಲೆಕ್ಕವನ್ನು ನಿಜವಾದ ಬೀಜ ಇಟ್ಟುಕೊಂಡೇ ಮಾಡಿಸಿ. ನಾಲ್ಕು ನಾಲ್ಕರ ಗುಂಪು ಮಾಡಿ, ಮೂರು ಗುಂಪನ್ನು ಆ ಕಡೆ ತಳ್ಳಿದರೆ ಮಗುವಿಗೆ ಮತ್ತೆ ವಿವರಿಸುವ ಕೆಲಸವೇ ಇರುವುದಿಲ್ಲ.

ವ್ಯತ್ಯಾಸ ಬದಲಾಗದೆ ಇರಬಹುದು. ವಯಸ್ಸಿನ ಲೆಕ್ಕಗಳೆಲ್ಲ ಈ ಗುಂಪಿನವು. ತಾಯಿ ಮಗನ ವಯಸ್ಸು ಈಗ 4:1. ಇನ್ನು 16 ವರ್ಷಕ್ಕೆ 2:1. ಮಗನಿಗೆ ಒಂದು ವರ್ಷ ಆದರೆ ತಾಯಿಗೂ ಒಂದು ವರ್ಷವೇ. ನಡುವಿನ ಅಂತರ ಜೀವನಪೂರ್ತಿ ಅಷ್ಟೇ. 4:1ರಲ್ಲಿ ಅಂತರ 3 ಪಾಲು, 2:1ರಲ್ಲಿ 1 ಪಾಲು. ಎರಡನೆಯದನ್ನು 6:3 ಮಾಡಿದರೆ ಅಲ್ಲೂ 3. ಮಗ 1 ಪಾಲಿನಿಂದ 3 ಪಾಲಾದ. 2 ಪಾಲಿಗೆ 16 ವರ್ಷ, ಒಂದು ಪಾಲಿಗೆ 8. ಮಗನಿಗೆ 8, ತಾಯಿಗೆ 32. ಹದಿನಾರು ವರ್ಷದ ಮೇಲೆ 24 ಮತ್ತು 48.

ಇದನ್ನೇ ಎಕ್ಸ್ ಇಟ್ಟು ಮಾಡಿದರೆ ಅಡ್ಡ ಗುಣಾಕಾರ, ಆವರಣ ಬಿಡಿಸುವುದು ಅಂತ ಐದಾರು ಸಾಲು ಹಿಡಿಯುತ್ತದೆ. ಪಟ್ಟಿಯಲ್ಲಿ ಬಂದ ಉತ್ತರವನ್ನು ಒಮ್ಮೆ ಎಕ್ಸ್‌ನಲ್ಲೂ ಮಾಡಿ ನೋಡಲಿ. ಒಂದು ಪಾಲು ಅಂತ ನಾವು ಕರೆದದ್ದೇ ಎಕ್ಸ್ ಅಂತ ಆಗ ತಾನೇ ಹೊಳೆಯುತ್ತದೆ.

ಹಂತ 8: ಉತ್ತರ ಬರೆಯುವ ಮೊದಲು

ಅನುಪಾತ ಬರೆಯುವಾಗ ಎರಡೂ ಒಂದೇ ಮಾನದಲ್ಲಿ ಇರಲಿ. 750 ಗ್ರಾಂ ಮತ್ತು 2 ಕಿಲೋ ಅಂದರೆ 750:2 ಅಲ್ಲ. 750:2000, ಸುಲಭ ರೂಪದಲ್ಲಿ 3:8. ಹೆಸರು ಹೇಳಿದ ಕ್ರಮದಲ್ಲೇ ಅಂಕಿಗಳೂ ಬರಬೇಕು. ಅಕ್ಕಿ ಮತ್ತು ಉದ್ದು 4:1 ಇದ್ದದ್ದು 1:4 ಆದರೆ ಇಡ್ಲಿ ಕಥೆ ಏನಾಗುತ್ತದೆ ನೋಡಿ!

‘ಕ್ಕೆ’ ಪ್ರತ್ಯಯ ಕಂಡ ಕಡೆಯೆಲ್ಲ ಒಂದು ಏರಿದರೆ ಇನ್ನೊಂದೂ ಏರುತ್ತದೆ ಅಂತ ನಂಬಬೇಡಿ. 6 ಆಳಿಗೆ 10 ದಿನದ ಕೆಲಸ, 4 ಆಳಿಗೆ ಎಷ್ಟು ದಿನ? ಆಳು ಕಡಿಮೆಯಾದರೆ ದಿನ ಜಾಸ್ತಿ ಆಗಬೇಕು. ಒಟ್ಟು ಕೆಲಸ 60 ಆಳಿನ ದಿನ. 4 ಜನಕ್ಕೆ 15 ದಿನ. ಉತ್ತರ 10ಕ್ಕಿಂತ ಜಾಸ್ತಿಯೋ ಕಡಿಮೆಯೋ ಅಂತ ಲೆಕ್ಕ ಮಾಡುವ ಮೊದಲೇ ಬಾಯಲ್ಲಿ ಹೇಳಿಸಿ.

ಉತ್ತರ ಬಂದ ಮೇಲೆ ಅದನ್ನು ಕಥೆಯೊಳಗೆ ವಾಪಸ್ ಹಾಕಿ ಮೊದಲಿಂದ ಓದಬೇಕು. ತೆಂಗಿನಕಾಯಿ ಲೆಕ್ಕದಲ್ಲಿ ಮಾಡಿದ್ದು ಅದೇ. ಹುಡುಗಿಯರು ನಲವತ್ತೆಂಟೂವರೆ ಅಂತ ಬಂದರೆ, ಮಗನ ವಯಸ್ಸು ತಾಯಿಗಿಂತ ಜಾಸ್ತಿ ಬಂದರೆ, ಎಲ್ಲೋ ಪ್ರತ್ಯಯ ತಪ್ಪಿ ಓದಿದ್ದೀರಿ.

ಈಗ ನೀವೇ ಮಾಡಿ

ಮೂರು ಲೆಕ್ಕ ಕೊಡುತ್ತೇನೆ. ಉತ್ತರ ಕೊನೆಯಲ್ಲಿದೆ, ಆದರೆ ಪಟ್ಟಿ ಎಳೆಯದೆ ನೋಡಬೇಡಿ.

ಒಂದು: ಕೈಲಿದ್ದ ದುಡ್ಡಿನ 1/4 ಭಾಗ ಬಸ್ಸಿಗೆ, ಉಳಿದದ್ದರಲ್ಲಿ 2/3 ಭಾಗ ಊಟಕ್ಕೆ ಹೋಯಿತು. 60 ರೂಪಾಯಿ ಮಿಕ್ಕಿತು. ಮೊದಲು ಎಷ್ಟಿತ್ತು?

ಎರಡು: ಟ್ಯಾಂಕಿನ 2/5 ಭಾಗ ನೀರಿತ್ತು. 140 ಲೀಟರ್ ತುಂಬಿಸಿದ ಮೇಲೆ 3/4 ಭಾಗ ಆಯಿತು. ಟ್ಯಾಂಕ್ ಎಷ್ಟು ಲೀಟರಿನದು?

ಮೂರು: ತಂದೆ ಮಗಳ ವಯಸ್ಸು 5:1. ಆರು ವರ್ಷದ ಮೇಲೆ 3:1. ಈಗ ಯಾರಿಗೆ ಎಷ್ಟು?

ಮೊದಲನೆಯದರಲ್ಲಿ ಚೌಕ ಸೀಳುವ ಅಗತ್ಯವೇ ಬರುವುದಿಲ್ಲ, 240 ರೂಪಾಯಿ. ಎರಡನೆಯದರಲ್ಲಿ ಎರಡು ಭಿನ್ನರಾಶಿಗೂ ‘ಇಡೀ’ ಒಂದೇ ಟ್ಯಾಂಕು, ಹಾಗಾಗಿ ಇಲ್ಲಿ ನೇರವಾಗಿ ಕಳೆಯಬಹುದು: 20 ಚೌಕದ ಪಟ್ಟಿಯಲ್ಲಿ 7 ಚೌಕಕ್ಕೆ 140, ಟ್ಯಾಂಕ್ 400 ಲೀಟರಿನದು. ಮೂರನೆಯದರಲ್ಲಿ 3:1 ಅನ್ನುವುದನ್ನು 6:2 ಮಾಡಿಕೊಂಡರೆ ತಂದೆಗೆ 30, ಮಗಳಿಗೆ 6.